ಅರ್ಧ ತೆಗೆಯಿರಿ, ಅರ್ಧ ಬಿಡಿ

ಹೋದ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ, ನಾನು ಕೊಲೆಗಾರ್ತಿ ಎಂದು ಸಾಬೀತಾಯಿತು.

ಸತ್ತವರು ಒಬ್ಬಿಬ್ಬರಲ್ಲ, ಲಕ್ಷಗಟ್ಟಲೆ. ಪೊಲೀಸರು ಬರಲಿಲ್ಲ, ಅಳುವವರೂ ಬರಲಿಲ್ಲ. ಬಂದವಳು ಸೆಲ್ವಿ ಒಬ್ಬಳೇ. ಸೆಲ್ವಿ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ನಿಂತೇ ಇದ್ದ ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ತಾನು ಬಗ್ಗಿ ನೋಡಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಅಯ್ಯೋ ಮೇಡಂ" ಅಂದಳು. ಅಷ್ಟೇ. "ನಾನು ಮೊದಲೇ ಹೇಳಿದ್ದೆನಲ್ಲ" ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. (ಜಗಳ ಆಡುವುದಕ್ಕಾದರೂ ಒಬ್ಬರು ಸಿಕ್ಕಂತಾಗುತ್ತಿತ್ತು.)

"ಮದ್ರಾಸಿನಲ್ಲಿ ನೀವು ಮಾಡುವ ಕೆಲಸವಾದರೂ ಏನು ಮೇಡಂ?" ಎಂದು ಓದುಗರಾದ ನೀವು ಈ ಅಂಕಣಕ್ಕೆ ಕಾಗದ ಬರೆದು ಕೇಳುತ್ತಲೇ ಇರುತ್ತೀರಿ. ನಾನೋ, ಬಸ್ಸು, ನೀರಿನ ಲಾರಿ, ಆಟೋದವರ ಜೊತೆ ವಾಗ್ವಾದ ಎಂದು ವಾರ ವಾರವೂ ಏನೋ ಒಂದು ಬರೆದು ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಹೇಳಿಯೇ ಬಿಡುತ್ತೇನೆ. ಪೋರೂರಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಾನು ನರಕೋಶ ಬೆಳೆಸುತ್ತೇನೆ. ಮಿದುಳಿನಲ್ಲಿರುತ್ತದಲ್ಲ, ಅದೇ ನರಕೋಶ. ಜನ ಟೆರೇಸಿನಲ್ಲಿ ಕರಿಬೇವು ಬೆಳೆಸುತ್ತಾರೆ, ನಾನು ಪ್ಲಾಸ್ಟಿಕ್ಕಿನಲ್ಲಿ ಇದನ್ನು.

ಮೊದಲು ಇಲಿಯ ಎಳೆಯ ಜೀವಕೋಶಗಳನ್ನು ತರುತ್ತೇವೆ. ಅವು ಇನ್ನೂ ಏನೂ ಆಗಿರುವುದಿಲ್ಲ, ಏನು ಬೇಕಾದರೂ ಆಗಬಹುದು. (ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಹಾಗೆ.) ಎಂಥ ರಾಸಾಯನಿಕ ಕೊಟ್ಟರೆ ಅವು ನರಕೋಶ ಆಗುತ್ತವೆ? ಯಾರಿಗೂ ಗೊತ್ತಿಲ್ಲ. ಆದ್ದರಿಂದ ಸಾವಿರಾರು ರಾಸಾಯನಿಕ ಕೊಟ್ಟು ನೋಡುತ್ತೇವೆ. ಒಂದು ಅಂಗೈಯಗಲದ ಪ್ಲೇಟು. ಅದರಲ್ಲಿ ಚನ್ನೆಮಣೆಯ ಹಾಗೆ ಗುಳಿಗಳು. ಆದರೆ ಹದಿನಾಲ್ಕಲ್ಲ, ಮುನ್ನೂರ ಎಂಬತ್ತನಾಲ್ಕು! ಒಂದೊಂದು ಗುಳಿಗೂ ಒಂದಿಷ್ಟು ಜೀವಕೋಶ, ಒಂದೊಂದು ಬೇರೆ ರಾಸಾಯನಿಕ. ತುಂಬುವುದು, ತೆಗೆಯುವುದು ಎಲ್ಲಾ ರೋಬೋ ಕೈಯ ಕೆಲಸ. ಕೊನೆಗೆ ಹೊಳೆಯುವ ಬಣ್ಣ ಹಚ್ಚಿ ಫೋಟೋ ತೆಗೆಯುವುದು ಇನ್ನೊಂದು ಯಂತ್ರ. ಯಾವ ಗುಳಿಯಲ್ಲಿ ಉದ್ದುದ್ದ ಬಾಲದ ಹಸಿರು ನಕ್ಷತ್ರ ಕಾಣುತ್ತದೋ ಅಲ್ಲಿ ನರಕೋಶ ಹುಟ್ಟಿದೆ ಎಂದು ಅರ್ಥ. ಇದಕ್ಕೆ ಹೈ ಥ್ರೂಪುಟ್ ಸ್ಕ್ರೀನಿಂಗ್ ಎಂದು ಹೆಸರು. ಮುಂದೆಂದಾದರೂ ಮರೆವಿನ ಕಾಯಿಲೆಗೋ, ಕೈ ನಡುಕಕ್ಕೋ ಇದರಿಂದ ಔಷಧಿ ಸಿಕ್ಕೀತು ಎಂಬ ಆಸೆ.

ನಮ್ಮಕ್ಕನಿಗೆ ಇಷ್ಟನ್ನೂ ಫೋನಿನಲ್ಲಿ ವಿವರಿಸಿದೆ. "ಓ, ವರ ನೋಡೋದು" ಅಂದಳು. ಒಂದೇ ಹುಡುಗಿ, ಸಾವಿರ ಗಂಡು, ಯಾರ ಜಾತಕ ಕೂಡುತ್ತದೋ ನೋಡೋಣ ಎಂಬ ಲೆಕ್ಕ. ತಪ್ಪೇನಿಲ್ಲ. ಆದರೆ ನನಗೆ ನೋಡುವಾಗ ಅವಳು ಮೂರನೆಯವನಿಗೇ ಸುಸ್ತಾಗಿ ನಿಲ್ಲಿಸಿದ್ದಳು. ಅದರ ಫಲಿತಾಂಶ ನಿಮಗೆ ಗೊತ್ತಿಲ್ಲ. ಅದನ್ನೂ ಇವತ್ತೇ ಹೇಳುತ್ತೇನೆ.

"ಒಳ್ಳೆಯ ಕೆಲಸ ಸಿಕ್ಕಿತು, ಮೈಸೂರು ಬಿಟ್ಟೆ" ಎಂದು ಹೋದ ವರ್ಷ ಇದೇ ಅಂಕಣದಲ್ಲಿ ಬರೆದಿದ್ದೆ. ನಿಮ್ಮಲ್ಲಿ ಅನೇಕರು ಶುಭಾಶಯ ಕಳಿಸಿದಿರಿ. ಕೆಲಸ ಸಿಕ್ಕಿದ್ದು ನಿಜ. ಮೈಸೂರು ಬಿಟ್ಟಿದ್ದು ಕೆಲಸಕ್ಕಲ್ಲ. ಡೈವೋರ್ಸ್ ಆಯಿತು, ಅದಕ್ಕೆ. ಹನ್ನೊಂದು ವರ್ಷದ ಸಂಸಾರ. ಅವನು ಕೆಟ್ಟವನಲ್ಲ, ನಾನೂ ಅಲ್ಲ. (ಈ ಬರಹ ಅವನ ಬಗ್ಗೆಯೂ ಅಲ್ಲ.)

ಬಿಡುವುದೇ ಆದರೆ ಪೂರ್ತಿ ಬಿಡಬೇಕು ಎಂದು ಎಲ್ಲರೂ ಹೇಳಿದರು. ಅಕ್ಕ ಹೇಳಿದಳು, ವಕೀಲರು ಹೇಳಿದರು, ಜೊತೆಗೆ ಕೆಲಸ ಮಾಡುತ್ತಿದ್ದವರು ಹೇಳಿದರು. "ಕ್ಲೀನಾಗಿ ಕಟ್ ಮಾಡ್ಕೊಂಡ್ಬಿಡು ವನಜಾ, ಅರ್ಧಂಬರ್ಧ ಇಟ್ಕೊಂಡ್ರೆ ಅದೇ ನಂಜು." ನಾನು ಮೊದಲೇ ಅಚ್ಚುಕಟ್ಟಿನವಳು. ಎರಡು ಸೂಟ್‌ಕೇಸಿನಲ್ಲಿ ಬಟ್ಟೆ, ಸರ್ಟಿಫಿಕೇಟು ಬಿಟ್ಟು ಬೇರೇನೂ ತರಲಿಲ್ಲ. ಒಂದು ಲೋಟ ಸಹ ತರಲಿಲ್ಲ. ಫೋನ್ ನಂಬರ್ ಬದಲಾಯಿಸಿದೆ. ನುಂಗಂಬಾಕ್ಕಂನಲ್ಲಿ ಒಂದು ಹಳೇ ಮನೆಯ ಮಹಡಿಯ ಮೇಲೆ ಒಂದೂವರೆ ರೂಮು ಹಿಡಿದು, ಪಾತ್ರೆ, ಪೊರಕೆ, ಚಾಪೆ, ಒಗ್ಗರಣೆ ಸೌಟು, ಎಲ್ಲ ಹೊಸದು ಕೊಂಡೆ. ಎಲ್ಲಾ ಒಂದೊಂದೇ. ಒಂದು ತಟ್ಟೆ, ಒಂದು ಲೋಟ. ಅಂಗಡಿಯವನು "ಸೆಟ್ಟಾಗಿ ಆರು ತಗೊಂಡರೆ ಅಗ್ಗ" ಎಂದು ಹೇಳಿದರೂ ಕೇಳಲಿಲ್ಲ. ಬೇಕಾಗಿದ್ದರೆ ತಾನೇ?

ಆಮೇಲೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬಿನಿಂದ ಬಂದು ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯ ತನಕ ನಾನು ಒಂದು ಮಾತೂ ಆಡುವುದಿಲ್ಲ. ಆಡುವುದಕ್ಕೆ ಯಾರೂ ಇರುವುದಿಲ್ಲ. ಅನ್ನಕ್ಕೆ ಮೊಸರು ಕಲಸಿ, ಅಡಿಗೆಕಟ್ಟೆಯ ಹತ್ತಿರವೇ ನಿಂತು ತಿಂದು, ತಟ್ಟೆ ತೊಳೆದಿಡುತ್ತೇನೆ. ಸೋಮವಾರ ಬಸ್ಸಿನಲ್ಲಿ ಕಂಡಕ್ಟರಿಗೆ "ಪೋರೂರ್ ಒಣ್ಣು" ಎಂದು ಟಿಕೆಟ್ ಕೇಳುತ್ತೇನಲ್ಲ, ಅದು ಒಂದೂವರೆ ದಿನದಲ್ಲಿ ನನ್ನ ಬಾಯಿಂದ ಬರುವ ಮೊದಲ ಮಾತು. ಗಂಟಲು ಕಟ್ಟಿ ಧ್ವನಿ ಹೊರಡುವುದೇ ಇಲ್ಲ. ಆ ಪುಣ್ಯಾತ್ಮ "ಎನ್ನಮ್ಮಾ?" ಎಂದು ಇನ್ನೊಮ್ಮೆ ಕೇಳುತ್ತಾನೆ. ನಿಜ ಹೇಳಲೇ? ಅವನು ಎರಡು ಸಲ ಕೇಳಿದರೆ ನನಗೆ ಖುಷಿ.

ಹೋದ ತಿಂಗಳ ಮೊದಲ ವಾರ ಫೋನ್ ಬಂತು. ನನ್ನ ಹೊಸ ನಂಬರನ್ನು ಯಾರಿಂದ ಗಿಟ್ಟಿಸಿಕೊಂಡರೋ ಗೊತ್ತಿಲ್ಲ.

"ವನಜಾ, ನಾನು ಕಣೇ."

ಅತ್ತೆ. ಅಂದರೆ ನನ್ನ ಗಂಡನಾಗಿದ್ದವನ ತಾಯಿ. ಈಗ ನನಗೆ ಅವರು ಏನು? ಕೋರ್ಟಿನ ಕಾಗದದಲ್ಲಿ ಸೈಟು ಯಾರಿಗೆ, ಒಡವೆ ಯಾರಿಗೆ ಎಂದು ಪುಟಗಟ್ಟಲೆ ಬರೆದಿದ್ದರು. ಅತ್ತೆ ಯಾರಿಗೆ ಎಂದು ಒಂದು ಸಾಲೂ ಇರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರೆ. ಬಿಟ್ಟು ಬಂದ ಹೆಣ್ಣು? ಅದಕ್ಕೆ ಗಾದೆ ಮಾಡಿದವರೂ ಇಲ್ಲ.

"ಹೇಳಿ ಅತ್ತೆ" ಅಂದೆ. ಬಾಯಿಗೆ ಬೇರೆ ಏನೂ ಬರಲಿಲ್ಲ.

"ಬಲಗಣ್ಣಿಗೆ ಪೊರೆ ಬಂದಿದೆಯಂತೆ ಕಣೇ. ಮದ್ರಾಸಲ್ಲಿ ಕಣ್ಣಾಸ್ಪತ್ರೆ ಚೆನ್ನಾಗಿದೆ ಅಂತಾರಲ್ಲ, ಅಲ್ಲೇ ಆಪರೇಶನ್ ಮಾಡಿಸ್ಕೊಳೋಣ ಅಂತ. ಅಂಬತ್ತೂರಲ್ಲಿ ನನ್ನ ತಂಗಿ ಮಗಳು ಪ್ರಭಾ ಇದಾಳಲ್ಲ, ಅವಳ ಮನೇಲಿರ್ತೀನಿ ಅಂತ ಇವನಿಗೆ ಹೇಳಿದೀನಿ. ಆಮೇಲೆ ಒಂದೆರಡು ದಿನ ನಿನ್ನ ಹತ್ರ ಇರ್ಬಹುದೇನೆ? ನಿಂಗೆ ತೊಂದ್ರೆ ಆಗ್ದಿದ್ರೆ ಮಾತ್ರ."

"ಯಾವಾಗ ಅತ್ತೆ?"

"ಜನವರಿ ಮೊದಲನೇ ವಾರ."

ಅರ್ಧಂಬರ್ಧ ಇಟ್ಟುಕೊಂಡರೆ ಅದೇ ನಂಜು. ಅಕ್ಕನ ಮಾತು ಕಿವಿಯಲ್ಲಿ ಬಂದು ಕೂತಿತು. ಬಾಯಿ ತಾನಾಗಿಯೇ ಸುಳ್ಳು ಹೇಳಿತು. "ಅಯ್ಯೋ ಅತ್ತೆ, ಆಗ ನಾನು ದೆಹಲಿಗೆ ಹೋಗ್ತಿದೀನಲ್ಲ. ಕಾನ್ಫರೆನ್ಸು. ಒಂದು ವಾರ."

"ಹೌದಾ? ಒಳ್ಳೇದಾಯ್ತು ಬಿಡು. ಹುಷಾರಾಗಿ ಹೋಗ್ಬಾ. ಅಲ್ಲಿ ಕೊರೆಯೋ ಚಳಿಯಂತೆ. ನಿನ್ನ ನೀಲಿ ಸ್ವೆಟರ್ ಇಲ್ಲೇ ಬೀರುವಲ್ಲಿದೆ, ಪ್ರಭಾ ಮನೆಗೆ ಕಳಿಸ್ಲಾ?"

"ಬೇಡ ಅತ್ತೆ, ಹೊಸದು ತಗೊಂಡಿದೀನಿ" ಅಂದೆ. ಎರಡನೇ ಸುಳ್ಳು. ಮದ್ರಾಸಿನಲ್ಲಿ ಯಾವ ಹುಚ್ಚಿ ಸ್ವೆಟರ್ ಕೊಳ್ಳುತ್ತಾಳೆ?

ಇದಾಗಿ ಎರಡು ವಾರಕ್ಕೆ ಕೊಲೆ ನಡೆದದ್ದು. ಅದನ್ನು ಈಗ ಹೇಳುತ್ತೇನೆ.

ಗುಳಿಯಲ್ಲಿರುವ ಜೀವಕೋಶಗಳಿಗೆ ಊಟ ಬೇಕಲ್ಲ? ಅದೊಂದು ಕೆಂಪು ನೀರು. ಸಕ್ಕರೆ, ಉಪ್ಪು, ಪ್ರೋಟೀನು ಎಲ್ಲ ಇರುತ್ತದೆ. ಮೀಡಿಯಂ ಅನ್ನುತ್ತಾರೆ. ನೋಡುವುದಕ್ಕೆ ಟೊಮೇಟೊ ತಿಳಿಸಾರಿನ ಹಾಗೆ. ಎರಡು ಮೂರು ದಿನಕ್ಕೆ ಅದು ಹಳದಿಗೆ ತಿರುಗುತ್ತದೆ. ಉಂಡು ಬಿಟ್ಟದ್ದು ಎಂದು ನೋಡಿದರೇ ತಿಳಿಯುತ್ತದೆ. ಆಗ ಹೊಸದು ಹಾಕಬೇಕು. ರೋಬೋಗೆ ಬರೆದಿಟ್ಟ ಪ್ರೋಗ್ರಾಂ ಪ್ರಕಾರ ಹಳೆಯದನ್ನು ಅರ್ಧ ಮಾತ್ರ ತೆಗೆದು, ಉಳಿದ ಅರ್ಧದ ಮೇಲೆಯೇ ಹೊಸದನ್ನು ಸುರಿಯಬೇಕು.

ನಾನು ಅಲ್ಲಿಯವರೆಗೆ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸಿದವಳು. ಅವು ಭಂಡ ಜೀವ, ಹೇಗೆ ಮಾಡಿದರೂ ಬದುಕುತ್ತವೆ. ಅವಕ್ಕೆ ಯಾವತ್ತೂ ಪೂರ್ತಿ ಬದಲಾಯಿಸಿಯೇ ನನಗೆ ಅಭ್ಯಾಸ. ಇಲ್ಲಿ ಮೂರು ತಿಂಗಳ ತಯಾರಿ ಮುಗಿದು ಮೊದಲ ಸಲ ಊಟ ಬದಲಿಸುವ ದಿನ, ಆ ವಾರದ ಸೋಮವಾರ, ರೋಬೋ ಕೈ ಹಳದಿ ನೀರಿನ ಮೇಲೆ ಹೊಸ ಕೆಂಪು ನೀರು ಬಿಡುವುದನ್ನು ಗಾಜಿನಾಚೆಯಿಂದ ನೋಡುತ್ತಾ ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆಯ ಸಾರಿನ ಮೇಲೆ ಇವತ್ತಿನ ಸಾರು ಸುರಿಯುವುದೇ? ಅದೂ ಉಂಡು ಬಿಟ್ಟ ಎಂಜಲು! ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ಸಾರಿನ ಜೊತೆ ಪಾತ್ರೆಯೂ ಹಿತ್ತಿಲಿಗೆ ಹೋಗುತ್ತಿತ್ತು.

ನಗಬೇಡಿ. ಎಂಜಲು ಬೇರೆ, ಮುಸುರೆ ಬೇರೆ, ತಂಗಳು ಬೇರೆ. ಈ ಮೂರರ ವ್ಯತ್ಯಾಸವನ್ನು ನನಗೆ ತಲೆಗೆ ಹತ್ತಿಸಿದವರು ಅತ್ತೆ. ಎಂ.ಎಸ್ಸಿ.ಯ ಯಾವ ಪ್ರೊಫೆಸರೂ ಯಾವ ಪಾಠವನ್ನೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ. ಕಾಫಿಯನ್ನೂ ಅವರು ಲೋಟ ಕಚ್ಚದೆ ಎತ್ತಿ ಕುಡಿಯುವವರು. ನಾನು ಸಾರಿನ ರುಚಿ ನೋಡಿದ ಸೌಟನ್ನು ಮರೆತು ಪಾತ್ರೆಗೆ ಹಾಕಿದ ದಿನ ಆ ಪಾತ್ರೆಯಷ್ಟೂ ಸಾರು ಹಸುವಿನ ಕಲಗಚ್ಚಿಗೆ ಹೋಗಿತ್ತು. ಅವರನ್ನು ಬಿಟ್ಟು ಬಂದೆ, ಲೋಟವನ್ನೂ ಬಿಟ್ಟು ಬಂದೆ. ಎಂಜಲಿನ ಪಾಠ ಮಾತ್ರ ಜೊತೆಗೆ ಬಂದಿತ್ತು ನೋಡಿ.

ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಂ ಬದಲಾಯಿಸಿದೆ. ಅರ್ಧ ಎಂದಿದ್ದ ಕಡೆ ಪೂರ್ತಿ ಎಂದು ಮಾಡಿದೆ. ಹಿಂದೆ ನಿಂತಿದ್ದ ಸೆಲ್ವಿ ತಡೆದಳು. "ಮೇಡಂ, ಪಾದಿ ಮಟ್ಟುಂ" ಅಂದಳು. ಅರ್ಧ ಮಾತ್ರ. ಇಲ್ಲಿಗೆ ಬರುವ ಮುಂಚೆ ಅವಳು ಇಪ್ಪತ್ತು ವರ್ಷ ಕೈಯಲ್ಲೇ ಈ ಕೆಲಸ ಮಾಡಿದವಳು. ಕಾರಣ ಕೇಳಿದರೆ ಅವಳಿಗೆ ಇಂಗ್ಲಿಷಿನಲ್ಲಿ ವಿವರಿಸಲು ಬರಲಿಲ್ಲ. ನನಗೆ ತಮಿಳು ಪೂರ್ತಿ ಬರುವುದಿಲ್ಲ. "ಯಾಕೆ ಸೆಲ್ವಿ, ಗಲೀಜಲ್ಲವಾ?" ಅಂದೆ. ಅವಳು ಹಿಂದಕ್ಕೆ ಸರಿದಳು. ರೋಬೋ ಹದಿನಾರು ಪ್ಲೇಟಿನ ಹಳೇ ನೀರನ್ನು ಕೊನೆಯ ಹನಿಯವರೆಗೂ ಹೀರಿ, ಹೊಸದು ತುಂಬಿತು. ಎಲ್ಲ ಗುಳಿಗಳೂ ಒಂದೇ ಸಮನೆ ಕೆಂಪಗೆ ಹೊಳೆದವು. ಆಹಾ, ಎಷ್ಟು ಚೆಂದ ಕಂಡಿತು ಎಂದರೆ! ಆ ಸಂಜೆ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ಬೀಗುತ್ತಾ ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ನೋಡಿದರೆ ಎಲ್ಲ ಸತ್ತಿದ್ದವು. ಬಾಲ ಚಾಚಬೇಕಾಗಿದ್ದವು ಮುದುಡಿಕೊಂಡು ಚುಕ್ಕಿ ಚುಕ್ಕಿಯಾಗಿ ತೇಲುತ್ತಿದ್ದವು. ಯಾವ ರಾಸಾಯನಿಕ ಕೊಟ್ಟ ಗುಳಿಯೂ ಉಳಿದಿರಲಿಲ್ಲ. ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ನಮ್ಮ ಲ್ಯಾಬಿನ ಮುಖ್ಯಸ್ಥರು ಮಾಧವ ರಾವ್. ಅವರ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ನೆಲೆಸಿದ ಮನೆತನ. ಮನೆಯಲ್ಲಿ ಕನ್ನಡ, ಆದರೆ ಅರ್ಧ ತಮಿಳು ಬೆರೆತ ಕನ್ನಡ. ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡೇ ಲ್ಯಾಬ್ ಕೋಟು ತೊಡುವವರು. ಅವರ ರೂಮಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಯಾಕಮ್ಮಾ ಪೂರ್ತಿ ತೆಗೆದ್ರಿ?" ಅಂದರು.

ಹೇಗೆ ಹೇಳಲಿ? ಕೊನೆಗೆ ಹೇಳಿಯೇ ಬಿಟ್ಟೆ. "ಸರ್, ಎಂಜಲು ಅನ್ನಿಸ್ತು."

ಅವರು ನಕ್ಕರು. ಕುರ್ಚಿ ಅಲ್ಲಾಡುವ ಹಾಗೆ ನಕ್ಕರು. "ಸರಿಯಾಗಿ ಸೊನ್ನೀರಿ, ಸರಿಯಾಗಿ ಹೇಳಿದ್ರಿ! ಎಂಜಲೇ ಅಮ್ಮಾ ಅದು. ಆದ್ರೆ ಆ ಎಂಜಲ್ ಇಲ್ದೆ ಇವು ಉಳಿಯಲ್ಲ. ನೋಡಿ, ಒಂದೊಂದು ಸೆಲ್ಲೂ ಊಟ ಮಾಡ್ತಾ ಮಾಡ್ತಾ ತನ್ನದೂ ಕೊಂಚ ಏನೋ ಆ ನೀರಿಗೆ ಬಿಡ್ತಾ ಇರುತ್ತೆ. ಪಕ್ಕದ್ದು ಅದನ್ನ ಕುಡಿಯುತ್ತೆ. ಅದು ಬಿಟ್ಟಿದ್ದನ್ನ ಇದು ಕುಡಿಯುತ್ತೆ. ಅದ್ರಿಂದ್ಲೇ ಪಕ್ಕದಲ್ಲಿ ಇನ್ನೊಬ್ರು ಇದಾರೆ ಅಂತ ಅದಕ್ಕೆ ತಿಳಿಯೋದು. ನೀವು ಒಂದು ತೊಟ್ಟೂ ಬಿಡದೆ ಎತ್ತಿಬಿಟ್ರಿ. ಹೊಸ ಊಟ ಎಷ್ಟಿದ್ರೂ ಏನು? ಯಾರೂ ಇಲ್ಲ ಅಂದ್ಕೊಂಡು ಸತ್ತೋದ್ವು, ಪಾವಂ."

ಪಾವಂ ಎಂದರೆ ಪಾಪ. ಅವರು ಹೇಳಿದ್ದು ಇಲಿಯ ಜೀವಕೋಶದ ಬಗ್ಗೆ. ನನಗೆ ಮಾತ್ರ ಆ ರೂಮಿನಲ್ಲಿ ನಿಲ್ಲುವುದಕ್ಕೇ ಆಗಲಿಲ್ಲ. ಹೊರಗೆ ಬಂದು, ಕೈ ತೊಳೆಯುವ ಸಿಂಕಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಲವತ್ತೊಂದು ವರ್ಷದ ಹೆಂಗಸು, ಕೈಗೆ ಗ್ಲೌಸು, ತಲೆಗೆ ಪ್ಲಾಸ್ಟಿಕ್ ಟೋಪಿ. ಎಂಥ ಅವತಾರ!

ನನಗೆ ನೆನಪಾದದ್ದು ಒಂದು ತಟ್ಟೆ ಮೊಸರನ್ನ.

ಮದುವೆಯಾಗಿ ನಾಲ್ಕನೇ ವರ್ಷ ನನಗೆ ಐದು ತಿಂಗಳಿಗೆ ಗರ್ಭ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮೂರು ದಿನ ನಾನು ಏನೂ ತಿನ್ನಲಿಲ್ಲ. ಗಂಡ ಹೇಳಿದ, ಅಕ್ಕ ಬಂದು ಗೋಗರೆದಳು, ಡಾಕ್ಟರು ಗದರಿದರು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಾಲ್ಕನೇ ದಿನ ಅತ್ತೆ ತಟ್ಟೆಯಲ್ಲಿ ಮೊಸರನ್ನ ಕಲಸಿಕೊಂಡು ಬಂದು ಹಾಸಿಗೆಯ ಪಕ್ಕ ಕೂತರು. "ಏಳು" ಎಂದು ಹೇಳಲಿಲ್ಲ. ಸುಮ್ಮನೆ ಆ ತಟ್ಟೆಯಿಂದ ತಾವೇ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿದರು. ಅದೇ ಕೈಯಲ್ಲಿ ಅನ್ನವನ್ನು ಇನ್ನೊಮ್ಮೆ ಕಲಸಿದರು. ಲೋಟ ಕಚ್ಚದೆ ಕಾಫಿ ಕುಡಿಯುವ ನಮ್ಮ ಅತ್ತೆ!

"ನೋಡು" ಅಂದರು, "ನಾನು ತಿಂದಾಯ್ತು. ಇದು ಎಂಜಲಾಯ್ತು. ಇನ್ನು ಇದನ್ನ ಬೇರೆ ಯಾರಿಗೂ ಬಡಿಸೋ ಹಾಗಿಲ್ಲ, ಎಸೆದ್ರೆ ಅನ್ನಕ್ಕೆ ಅವಮಾನ. ನೀನೇ ತಿನ್ಬೇಕು. ಬೇರೆ ದಾರಿ ಇಲ್ಲ."

ನಾನು ಎದ್ದು ಕೂತು ತಿಂದೆ. ಅವರೊಂದು ತುತ್ತು, ನಾನೊಂದು ತುತ್ತು. ಆ ಮನೆಯಲ್ಲಿ ಯಾರೂ ಆ ತಟ್ಟೆಯ ವಿಷಯ ಮತ್ತೆ ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಮಾರನೇ ದಿನದಿಂದ ಮತ್ತೆ ಅದೇ ಮಡಿ, ಅದೇ ಗದರಿಕೆ. ಆದರೆ ನಾನು ಬದುಕಿದ್ದು ಆ ತಟ್ಟೆಯಿಂದ. ಇದನ್ನು ನಾನು ಅವರಿಗೆ ಯಾವತ್ತೂ ಹೇಳಿಲ್ಲ. ಎಂಥ ದರಿದ್ರದವಳು ನಾನು!

ಅವತ್ತು ಮಧ್ಯಾಹ್ನ ಸೆಲ್ವಿ ತನ್ನ ಡಬ್ಬಿ ತಂದು ನನ್ನ ಎದುರು ಕೂತಳು. ಎಂದೂ ಕೂತವಳಲ್ಲ. ನಾನೇ ಯಾವಾಗಲೂ ಡಬ್ಬಿ ಎತ್ತಿಕೊಂಡು ನನ್ನ ಮೇಜಿಗೆ ಹೋಗಿಬಿಡುತ್ತಿದ್ದೆ. ಅವತ್ತು ಹೋಗಲು ಶಕ್ತಿ ಇರಲಿಲ್ಲ. ಅವಳು ಕೇಳಿದಳು, ನಾನು ನನ್ನ ಹರಕುಮುರುಕು ತಮಿಳಿನಲ್ಲಿ ಅತ್ತೆಯ ಕಥೆ ಹೇಳಿದೆ. ಕಣ್ಣಿನ ಪೊರೆ, ಫೋನು, ದೆಹಲಿಯ ಸುಳ್ಳು, ಎಲ್ಲ ಹೇಳಿದೆ.

ಸೆಲ್ವಿ ಚಿತ್ರಾನ್ನ ಅಗಿಯುತ್ತಾ ಯೋಚಿಸಿದಳು. ಆಮೇಲೆ ತಮಿಳಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಯಾಕೆ ಮೇಡಂ, ನಿಮ್ಮ ಮೈಸೂರಿನಲ್ಲಿ ಕಣ್ಣಿನ ಡಾಕ್ಟರೇ ಇಲ್ಲವಾ?"

ಮೈಸೂರಿನಲ್ಲಿ ಕಣ್ಣಿನ ಡಾಕ್ಟರು ಇಲ್ಲವೇ! ನಮ್ಮ ಬೀದಿಯ ಕೊನೆಯಲ್ಲೇ ಇದ್ದರು. ಅತ್ತೆ ಕನ್ನಡಕ ಮಾಡಿಸಿದ್ದೂ ಅಲ್ಲೇ. ಪೊರೆ ತೆಗೆಸಲು ರಾತ್ರಿಯೆಲ್ಲಾ ರೈಲಿನಲ್ಲಿ ಕೂತು ಮದ್ರಾಸಿಗೆ ಯಾಕೆ ಬರಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬಿಟ್ಟುಹೋದ ಸೊಸೆಯನ್ನು ನೋಡಿ ಬರುತ್ತೇನೆ ಎಂದು ಮಗನ ಮುಂದೆ ಹೇಳಲು ಬರುತ್ತದೆಯೇ? ಅದಕ್ಕೊಂದು ಕಣ್ಣು ಬೇಕಾಗಿತ್ತು. ಎಪ್ಪತ್ತು ವರ್ಷದ ಹೆಂಗಸು ತನ್ನ ಕಣ್ಣನ್ನೇ ನೆಪ ಮಾಡಿಕೊಂಡು ನನ್ನ ಬಾಗಿಲಿಗೆ ಬರುತ್ತೇನೆ ಎಂದರೆ, ನಾನು ಏನು ಹೇಳಿದೆ? ದೆಹಲಿ!

ಆಗ ಇನ್ನೂ ಎರಡು ವಾರ ಸಮಯವಿತ್ತು. ಅವತ್ತು ಸಂಜೆಯೇ ಫೋನ್ ಮಾಡಿ, "ಕಾನ್ಫರೆನ್ಸ್ ಕ್ಯಾನ್ಸಲ್ ಆಯ್ತು, ಬನ್ನಿ ಅತ್ತೆ" ಅಂದಿದ್ದರೆ ಮುಗಿದಿತ್ತು. ನೀವಾಗಿದ್ದರೆ ಮಾಡುತ್ತಿದ್ದಿರಿ. ನಾನು ಮಾಡಲಿಲ್ಲ. ಮೊದಲು ಪ್ಲೇಟುಗಳು ಸರಿಹೋಗಲಿ ಎಂದುಕೊಂಡೆ. ಕ್ರಿಸ್‌ಮಸ್ ಕಳೆಯಲಿ, ಇನ್ನೊಂದು ಚಾಪೆ ಕೊಳ್ಳೋಣ, ಇನ್ನೊಂದು ತಟ್ಟೆ ಕೊಳ್ಳೋಣ ಎಂದುಕೊಂಡೆ. (ತಟ್ಟೆ ಕೊಂಡೆ. ಚಾಪೆಯನ್ನೂ ಕೊಂಡೆ.) ಫೋನ್ ಕೈಗೆತ್ತಿಕೊಂಡು ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದ್ದು ಎಷ್ಟು ಸಲವೋ. ಏನಂತ ಶುರು ಮಾಡಲಿ? ಸುಳ್ಳು ಹೇಳುವುದು ಎಷ್ಟು ಸುಲಭ, ಅದನ್ನು ವಾಪಸು ತೆಗೆದುಕೊಳ್ಳುವುದು ಎಷ್ಟು ಕಷ್ಟ ನೋಡಿ. ಪುಕ್ಕಲುತನಕ್ಕೆ ನೂರು ಕೆಲಸ ಸಿಗುತ್ತವೆ.

ಲ್ಯಾಬಿನಲ್ಲಿ ಎಲ್ಲ ಮೊದಲಿನಿಂದ ಶುರುವಾಯಿತು. ಈ ಸಲ ಮಾಧವ ರಾಯರು ಇನ್ನೊಂದು ಕೆಲಸ ಹೇಳಿದರು. ಬೇರೊಂದು ಬಾಟಲಿಯಲ್ಲಿ ಗಿಜಿಗಿಜಿ ತುಂಬಿಕೊಂಡು ಚೆನ್ನಾಗಿ ಬೆಳೆಯುತ್ತಿದ್ದ ಜೀವಕೋಶಗಳು ಉಂಡುಬಿಟ್ಟ ಹಳದಿ ನೀರನ್ನು ಸೋಸಿ, ಜತನವಾಗಿ ಎತ್ತಿಟ್ಟು, ಈ ಹೊಸ ಒಂಟಿ ಜೀವಗಳಿಗೆ ಅದನ್ನು ಬೆರೆಸಿ ಕೊಡಬೇಕು. ಇದಕ್ಕೆ ಕಂಡೀಶನ್ಡ್ ಮೀಡಿಯಂ ಎಂಬ ಗೌರವದ ಹೆಸರೂ ಇದೆ. ಸೆಲ್ವಿ ಸೋಸಿದಳು, ನಾನು ಬಾಟಲಿ ಹಿಡಿದೆ. ಆಮೇಲೆ ಪ್ರೋಗ್ರಾಂನಲ್ಲಿ ಪೂರ್ತಿ ಎಂದಿದ್ದನ್ನು ಅಳಿಸಿ ಅರ್ಧ ಎಂದು ಬರೆದೆ. ಮೂರು ದಿನಕ್ಕೊಮ್ಮೆ ಅರ್ಧ ತೆಗೆದೆವು, ಅರ್ಧ ಬಿಟ್ಟೆವು.

ಹೋದ ಮಂಗಳವಾರ ಫೋಟೋ ಬಂತು. ಕಪ್ಪು ಪರದೆಯ ಮೇಲೆ ಹಸಿರು ನಕ್ಷತ್ರಗಳು. ಎಲ್ಲ ಗುಳಿಯಲ್ಲೂ ಅಲ್ಲ, ಕೆಲವೇ ಕೆಲವು ಗುಳಿಗಳಲ್ಲಿ. ಅಷ್ಟು ಸಿಕ್ಕರೆ ನಮ್ಮ ಕೆಲಸದಲ್ಲಿ ಹಬ್ಬ. ಒಂದೊಂದೂ ಬಾಲ ಚಾಚಿ, ದಾರಿ ಹುಡುಕಿಕೊಂಡು ಹೋಗಿ ಪಕ್ಕದ್ದನ್ನು ಮುಟ್ಟಿತ್ತು. ಯಾರೂ ಹೇಳಿಕೊಡದೆ, ಯಾವ ನೆಪವನ್ನೂ ಹುಡುಕದೆ! ಸೆಲ್ವಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ರಾಯರು ಎಲ್ಲರಿಗೂ ಕಾಫಿ ತರಿಸಿದರು. ನಾನು ಕಾಫಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲ ಹತ್ತಿರ ಹೋಗಿ ಫೋನ್ ಮಾಡಿದೆ. ಈ ಸಲ ಕತ್ತರಿಸಲಿಲ್ಲ.

"ಬಂದ್ಯಾ ದೆಹಲಿಯಿಂದ?" ಅಂದರು ಅತ್ತೆ. "ಸ್ವೆಟರ್ ಸಾಕಾಯ್ತೇನೆ?"

ಸತ್ಯ ಹೇಳಬೇಕೆಂದೇ ಫೋನ್ ಮಾಡಿದ್ದೆ. "ಸಾಕಾಯ್ತು ಅತ್ತೆ" ಎಂದು ಬಂತು ಬಾಯಿಗೆ. ಮೂರನೇ ಸುಳ್ಳು.

"ಅತ್ತೆ, ಆಪರೇಶನ್‌ಗೆ ಯಾವಾಗ ಬರ್ತೀರ? ನಾನೇ ಸ್ಟೇಷನ್ನಿಗೆ ಬರ್ತೀನಿ. ಪ್ರಭಾ ಮನೆ ಯಾಕೆ, ನೇರ ನಮ್ಮನೆಗೇ ಬನ್ನಿ."



"ಆಗೋಯ್ತಲ್ಲೇ ವನಜಾ. ಹೋದ ವಾರ ಇಲ್ಲೇ ಮಾಡಿಸ್ಕೊಂಡ್ಬಿಟ್ಟೆ, ಬೀದಿ ಕೊನೆ ಡಾಕ್ಟ್ರ ಹತ್ರ. ನೀನೂ ಇರಲ್ಲ ಅಂದ್ಯಲ್ಲ, ಅಷ್ಟು ದೂರ ಯಾಕೆ ಅಂತ. ಅರ್ಧ ಗಂಟೇಲಿ ಮುಗೀತು ಕಣೇ, ಏನೂ ನೋವಾಗ್ಲಿಲ್ಲ."

"ಹಾಗಾದ್ರೆ ಸುಮ್ನೆ ಬನ್ನಿ ಅತ್ತೆ. ನಾಲ್ಕು ದಿನ."

"ಸುಮ್ನೆ ಅಂದ್ರೆ? ಇವನಿಗೆ ಏನಂತ ಹೇಳಿ ಬರ್ಲಿ?"

ಹುಚ್ಚಿಯ ಹಾಗೆ ಕೇಳಿದೆ. "ಇನ್ನೊಂದು ಕಣ್ಣು ಅತ್ತೆ? ಎಡಗಣ್ಣು?"

"ಅದು ಚೆನ್ನಾಗಿದೆಯಂತೆ. ಹತ್ತು ವರ್ಷ ಏನೂ ಭಯ ಇಲ್ಲ ಅಂದ್ರು ಡಾಕ್ಟ್ರು" ಅಂದರು ಅತ್ತೆ. ಅಷ್ಟು ಒಳ್ಳೆಯ ಸುದ್ದಿಯನ್ನು ಅಷ್ಟು ಸಣ್ಣ ಧ್ವನಿಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಆಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ ಮಾತು ತಿರುಗಿಸಿದರು. "ಊಟ ಆಯ್ತೇನೆ? ಇಷ್ಟು ದಿನ ನೀನು ಪೇಪರಲ್ಲಿ ಬರೆಯೋದನ್ನ ಪಕ್ಕದ ಮನೆ ಸೀತಾ ಕೈಲಿ ಓದಿಸ್ಕೊಳ್ತಿದ್ದೆ. ಅವಳು ಅರ್ಧ ಓದಿ ಎದ್ದು ಹೋಗ್ತಾಳೆ. ಈಗ ಅಕ್ಷರ ಎಷ್ಟು ಚೆನ್ನಾಗಿ ಕಾಣತ್ತೆ ಅಂತೀಯ! ಈ ವಾರದಿಂದ ನಾನೇ ಓದ್ತೀನಿ."

ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತೆ. ಒಳಗೆ ಕಾಫಿಯ ಗದ್ದಲ ಕೇಳಿಸುತ್ತಿತ್ತು. ಮನೆಯಲ್ಲಿ ಎರಡನೇ ತಟ್ಟೆ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡೇ ಇದೆ.

ಒಂದು ವರ್ಷದಿಂದ ನಿಮ್ಮಿಂದ ಮುಚ್ಚಿಟ್ಟದ್ದನ್ನೆಲ್ಲ ಈ ವಾರ ಯಾಕೆ ಬರೆದೆ ಎಂದು ಈಗ ನಿಮಗೆ ತಿಳಿದಿರಬೇಕು. ನನ್ನ ಈ ಬರಹವನ್ನು ಅವರ ಮಗನೂ ಓದಲಿ, ನಮ್ಮಕ್ಕನೂ ಓದಲಿ, ಪಕ್ಕದ ಮನೆ ಸೀತಾ ಅರ್ಧ ಓದಿ ಎದ್ದು ಹೋಗಲಿ. ನನಗೆ ಬೇಕಾಗಿರುವುದು ಹೊಸದಾಗಿ ಪೊರೆ ತೆಗೆಸಿಕೊಂಡ ಒಂದು ಬಲಗಣ್ಣು ಮಾತ್ರ.

ಅತ್ತೆ, ನಾನು ದೆಹಲಿಗೆ ಹೋಗಿರಲೇ ಇಲ್ಲ. ಇಷ್ಟು ಓದಿದ ಮೇಲೂ ಬರುವುದಕ್ಕೆ ನಿಮಗೆ ಇನ್ನೊಂದು ಕಣ್ಣಿನ ನೆಪ ಬೇಕೇ?